ಆ ಒಂದು ಸಾಲಿನ ವಿರುದ್ಧ ನನ್ನ ಅಪೀಲು

2011ರಲ್ಲಿ ನೌಕಾಪಡೆ ಬಿಡುವಾಗ ಮೆಡಿಕಲ್ ಬೋರ್ಡ್ ನನ್ನ ಕಿವಿಗಳಿಗೆ ಶೇ. 30 ನ್ಯೂನತೆ ಬರೆದಿತ್ತು. ಕೆಳಗೆ ಇನ್ನೊಂದು ಸಾಲು: ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅಂಗವೈಕಲ್ಯ ಪಿಂಚಣಿ ಅಲ್ಲಿಗೇ ಹೋಯಿತು. ಹದಿನೈದು ವರ್ಷ ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದವನು ನಾನು. ಸಹಿ ಹಾಕಿ ಸುಮ್ನೆ ಕಾರವಾರದ ಹತ್ತಿರದ ಮಾಜಾಳಿಗೆ ಬಂದುಬಿಟ್ಟೆ.

ಮೀನಿನವನ ಹಾರ್ನ್ ಗೇಟಿನ ಹತ್ತಿರ ಬಂದರೂ ನನಗೆ ಕೇಳುತ್ತಿರಲಿಲ್ಲ. ರಾತ್ರಿಯಿಡೀ ಕಿವಿಯೊಳಗೆ ಗುಂಯ್ ಅನ್ನುವ ಸದ್ದು.

2016ರಲ್ಲಿ ಕಾರವಾರದ ಬಸ್ ನಿಲ್ದಾಣದಲ್ಲಿ ಹಳೆಯ ಜೊತೆಗಾರ ಸಿಕ್ಕ. "ಅಣ್ಣಾ, ಬೋರ್ಡಿನವರು ಕಾರಣ ಏನಂತ ಬರೆದಿದ್ದಾರೆ, ನೋಡಿದ್ರಾ?" ಎಂದು ಕೇಳಿದ. ನಾನು ನೋಡಿರಲಿಲ್ಲ. ಧರ್ಮವೀರ್ ಸಿಂಗ್ ಪ್ರಕರಣದ 2013ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಹೇಳಿದ್ದೂ ಅವನೇ. ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂತು ಎಂದು ಹಿಡಿಯಬೇಕು. ಅಲ್ಲ ಅನ್ನುವುದಾದರೆ ಬೋರ್ಡ್ ಕಾರಣ ಕೊಡಬೇಕು ಎಂದಿತ್ತು ಆ ತೀರ್ಪು.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಸೇರುವಾಗಿನ ತಪಾಸಣೆ, ವರ್ಷವರ್ಷದ ತಪಾಸಣೆ, ಕೊನೆಯ ಬೋರ್ಡಿನ ವರದಿ ಇರುವ ಎಎಫ್‌ಎಂಎಸ್‌ಎಫ್-16 ನಮೂನೆ, ಕೆಲಸ ಮಾಡಿದ ಹಡಗುಗಳ ಪಟ್ಟಿ ಕೇಳಿದೆ. ಮೊದಲು ಬಂದದ್ದು ಅರ್ಧ ಮಾತ್ರ. ಮತ್ತೆ ಬರೆದ ಮೇಲೆ ಉಳಿದದ್ದು ಬಂತು. ಸೇರುವಾಗ ಎರಡೂ ಕಿವಿ ಸರಿ ಇದ್ದವು! ಕಾರಣದ ಜಾಗದಲ್ಲಿ ಬೋರ್ಡ್ ಏನನ್ನೂ ಬರೆದಿರಲಿಲ್ಲ.

ನನ್ನ ಮೊದಲ ಅಪೀಲು ನಾಲ್ಕು ಪುಟ, ಬರೀ ಸಂಕಟ. ಅದನ್ನು ಹರಿದು ಹಾಕಿದೆ. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ವರ್ಷ, ಹಡಗು, ಇಂಜಿನ್ ರೂಮಿನ ಕೆಲಸ, ಆ ವರ್ಷದ ಕಿವಿ ತಪಾಸಣೆ ಎಲ್ಲವನ್ನೂ ಅಕ್ಕಪಕ್ಕ ಬರೆದೆ. ಎರಡನೇ ಹಡಗಿನ ನಂತರ ಕೇಳುವ ಶಕ್ತಿ ಇಳಿಯುತ್ತಾ ಹೋದದ್ದು ಕಣ್ಣಿಗೆ ಕಂಡಿತು. ಅಪೀಲು ಒಂದೂವರೆ ಪುಟಕ್ಕೆ ಮುಗಿಯಿತು, ಜೊತೆಗೆ ಆ ಹಾಳೆ. ಆರು ತಿಂಗಳ ಗಡುವು ಎಂದೋ ದಾಟಿತ್ತು, ತಡವಾದದ್ದಕ್ಕೆ ಕಾರಣವನ್ನೂ ಬರೆದೆ.

ಆರು ತಿಂಗಳು ಕಳೆದರೂ ಉತ್ತರವಿಲ್ಲ. ಅಷ್ಟು ಕಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಕೊಚ್ಚಿ ಪೀಠ. 2018ರಲ್ಲಿ ಅರ್ಜಿ ಹಾಕಿದೆ. ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಎರ್ನಾಕುಲಂಗೆ ಎಷ್ಟು ಸಲ ಹೋದೆನೋ. ನಮ್ಮ ವಕೀಲರು ಜಾಸ್ತಿ ಮಾತಾಡಿದ್ದು ಆ ಹಾಳೆ ಹಿಡಿದುಕೊಂಡೇ.

ತೀರ್ಪು ನನ್ನ ಕಡೆ ಆಯಿತು. ಶೇ. 20ರಿಂದ 49ರವರೆಗಿನ ನ್ಯೂನತೆಯನ್ನು ಪಿಂಚಣಿಗೆ 50 ಎಂದು ಲೆಕ್ಕ ಹಿಡಿಯುವ ನಿಯಮವಿತ್ತು. ಅವಧಿ ಮುಗಿಸಿ ಬಂದವರಿಗೂ ಅದು ಸಿಗಬೇಕು ಎಂದು ರಾಮ್ ಅವತಾರ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ ನನ್ನ 30, 50 ಆಯಿತು. ಆದರೆ ಬಾಕಿ ಸಿಕ್ಕಿದ್ದು ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ. ನಾನು ಸುಮ್ನೆ ಕೂತ ಮೊದಲಿನ ನಾಲ್ಕು ವರ್ಷಗಳ ಹಣ ಬರಲೇ ಇಲ್ಲ. ಹೊಟ್ಟೆ ಉರಿಯುತ್ತದೆ, ಅಲ್ವಾ?