ಕೊಂಬು ದಡಕ್ಕೆ, ಏಡಿ ಕಡಲಿಗೆ: ಫ್ಲಾರಿಡಾದ ಕಲ್ಲೇಡಿ ಬೋನಿನ ಲೆಕ್ಕಾಚಾರ

ಅಮೆರಿಕದ ಫ್ಲಾರಿಡಾದಲ್ಲಿ ಕಲ್ಲೇಡಿ ಹಿಡಿಯುವವರು ಇಡೀ ಏಡಿಯನ್ನು ದಡಕ್ಕೆ ತರುವಂತಿಲ್ಲ. ಬೋನಿನಿಂದ ಏಡಿ ತೆಗೆದು, ಅಳತೆಗೆ ಬಂದ ಕೊಂಬನ್ನು ಮುರಿದುಕೊಂಡು, ಏಡಿಯನ್ನು ಜೀವಂತ ನೀರಿಗೆ ಬಿಡಬೇಕು. ಇಕ್ಕಳದಂಥ ಮುಂಗಾಲನ್ನು ನಮ್ಮ ಕರಾವಳಿಯವರು ಕೊಂಬು ಎನ್ನುತ್ತಾರಲ್ಲ, ಇಲ್ಲಿಯೂ ಅದೇ ಪದ ಇರಲಿ. ಕೊಂಬು ಕಳೆದುಕೊಂಡ ಏಡಿ ಚಿಪ್ಪು ಕಳಚಿದಾಗಲೆಲ್ಲ ಹೊಸ ಕೊಂಬನ್ನು ಸ್ವಲ್ಪಸ್ವಲ್ಪವೇ ಬೆಳೆಸಿಕೊಳ್ಳುತ್ತದೆ. ಅದು ಮತ್ತೆ ಅಳತೆಗೆ ಬರಲು ಒಂದು ವರ್ಷವಂತೂ ಬೇಕು, ದೊಡ್ಡ ಏಡಿಗೆ ಮೂರು ವರ್ಷವೂ ಹಿಡಿಯಬಹುದು.

ಬೋನಿನ ಬಾಯಿ ಎಷ್ಟಗಲ, ಪಕ್ಕದ ತೂತು ಎಷ್ಟು ದೊಡ್ಡದು, ಮರದ ಪಟ್ಟಿ ಎಷ್ಟು ದಪ್ಪ ಎಂಬುದಕ್ಕೆಲ್ಲ ಅಲ್ಲಿ ಇಂಚಿನ ಲೆಕ್ಕವಿದೆ. ಸಣ್ಣ ಏಡಿ ತಾನಾಗಿ ಹೊರಹೋಗಬೇಕು, ದೊಡ್ಡ ಏಡಿ ಬದುಕಿ ವಾಪಸಾಗಬೇಕು, ಕಳೆದುಹೋದ ಬೋನು ಬೇಗ ಬಾಯಿ ತೆರೆಯಬೇಕು. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಅಳತೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಮೊದಲು ಕಾಗದಪತ್ರ

ವ್ಯಾಪಾರಕ್ಕಾಗಿ ಹಿಡಿಯುವವರಿಗೆ ಸಮುದ್ರೋತ್ಪನ್ನ ಮಾರಾಟದ ಪರವಾನಗಿ ಬೇಕು. ಅದರ ಮೇಲೆ ಎರಡು ಅನುಮೋದನೆ: ನಿರ್ಬಂಧಿತ ಜಾತಿಗಳದ್ದು ಒಂದು, ಕಲ್ಲೇಡಿಯದ್ದು ಇನ್ನೊಂದು. ನಿರ್ಬಂಧಿತ ಜಾತಿಗಳ ಅನುಮೋದನೆಗೆ ಸಾಮಾನ್ಯವಾಗಿ ಆದಾಯದ ಪುರಾವೆ ಕೇಳುತ್ತಾರೆ. ಹಿಂದಿನ 3 ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಸಮುದ್ರೋತ್ಪನ್ನದ ಮಾರಾಟದಿಂದ 5,000 ಡಾಲರ್, ಇಲ್ಲವೇ ಒಟ್ಟು ಆದಾಯದ ಶೇ 25ರಷ್ಟು ಬಂದಿರಬೇಕು. ಕಲ್ಲೇಡಿಯ ಅನುಮೋದನೆ ಎಕ್ಸ್ ಅಕ್ಷರದ ಸಂಖ್ಯೆಯಾಗಿ ಬರುತ್ತದೆ. ಮುಂದೆ ಬೋನು, ತೇಲುಗುಂಡು, ದೋಣಿ ಎಲ್ಲದರ ಮೇಲೂ ಇದೇ ಸಂಖ್ಯೆ.

ಒಬ್ಬರು ಎಷ್ಟು ಬೋನು ಹಾಕಬಹುದು ಎಂಬುದು ಅವರ ಹೆಸರಿನಲ್ಲಿರುವ ಬೋನು ಪ್ರಮಾಣಪತ್ರಗಳ ಲೆಕ್ಕ. ಒಂದು ಪ್ರಮಾಣಪತ್ರಕ್ಕೆ ಒಂದು ಬೋನು, ಒಂದು ಟ್ಯಾಗ್. ಪ್ರಮಾಣಪತ್ರವನ್ನು ಮಾರಬಹುದು, ಕೊಳ್ಳಬಹುದು. ಆದರೆ ಕುಟುಂಬದಿಂದ ಹೊರಗೆ ಕೈ ಬದಲಾದಾಗ ಒಂದು ಪಾಲು ಸರ್ಕಾರದ ಪಾಲಾಗಿ ರದ್ದಾಗುತ್ತದೆ. ಹೀಗೆ ಸೋಸುತ್ತ ರಾಜ್ಯದ ಒಟ್ಟು ಬೋನುಗಳನ್ನು 6 ಲಕ್ಷಕ್ಕೆ ಇಳಿಸುವುದು ಕಾನೂನಿನ ಗುರಿ. ಯಾರ ಹೊಟ್ಟೆಯ ಮೇಲೂ ಒಮ್ಮೆಲೇ ಹೊಡೆಯದೆ ಗೇಣುಗೇಣಾಗಿ ಹೊರೆ ಇಳಿಸುವ ಈ ದಾರಿ ನಿಧಾನವಾದರೂ ಒಳ್ಳೆಯದು.

ಮನೆಯ ಊಟಕ್ಕಾಗಿ ಹಿಡಿಯುವವರ ನಿಯಮವೇ ಬೇರೆ: ತಲೆಗೆ 5 ಬೋನು, ದಿನಕ್ಕೆ 1 ಗ್ಯಾಲನ್ ಕೊಂಬು, ದೋಣಿಯಲ್ಲಿ ಎಷ್ಟೇ ಜನರಿದ್ದರೂ ಒಟ್ಟು 2 ಗ್ಯಾಲನ್. ಅಲ್ಲಿ ನೆಲೆಸಿದ ಕನ್ನಡಿಗರು ವಾರಾಂತ್ಯಕ್ಕೆ ಬೋನು ಹಾಕುವುದಿದ್ದರೆ ಈ ಲೆಕ್ಕ ನೆನಪಿರಲಿ, ಮೊದಲೇ ಆನ್‌ಲೈನ್‌ನಲ್ಲಿ ಉಚಿತ ನೋಂದಣಿಯನ್ನೂ ಮಾಡಿಸಿಕೊಳ್ಳಿ.

ಯಾವಾಗ?

ಕೊಂಬು ತೆಗೆಯುವ ಋತು ಅಕ್ಟೋಬರ್ 15ರಿಂದ ಮೇ 1ರ ವರೆಗೆ. ಎರೆ ಹಾಕಿದ ಬೋನನ್ನು 10 ದಿನ ಮುಂಚೆ, ಅಂದರೆ ಅಕ್ಟೋಬರ್ 5ರಿಂದ ನೀರಿಗೆ ಇಳಿಸಬಹುದು. ಆದರೆ 15ರ ತನಕ ಎತ್ತಿ ಕೊಂಬು ಮುರಿಯುವಂತಿಲ್ಲ. ಮೊದಲು ಋತು ಮೇ 15ರ ತನಕ ಇತ್ತು. 2020ರಲ್ಲಿ ಎರಡು ವಾರ ಕಡಿತವಾಯಿತು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ಅಲ್ಲಿ ಕಲ್ಲೇಡಿಗೆ ಐದು ತಿಂಗಳಿಗೂ ಹೆಚ್ಚು ಬಿಡುವು, ಹೆಣ್ಣು ಏಡಿ ಹೆಚ್ಚಾಗಿ ಮೊಟ್ಟೆ ಹೊರುವ ಬೆಚ್ಚಗಿನ ತಿಂಗಳುಗಳು ಆ ಬಿಡುವಿನೊಳಗೇ ಬರುತ್ತವೆ.

ಬೋನು ಕಟ್ಟುವುದು

ಬೋನು ಮರದ್ದಾಗಬಹುದು, ಪ್ಲಾಸ್ಟಿಕ್ಕಿನದಾಗಬಹುದು, ತಂತಿಯದೂ ಆಗಬಹುದು. ಒಳಜಾಗ 8 ಘನ ಅಡಿ ಮೀರಬಾರದು. ಎಲ್ಲ ಬದಿಯೂ 2 ಅಡಿ ಇರುವ ಪೆಟ್ಟಿಗೆ ಅಷ್ಟಾಯಿತು. ನಿಜದಲ್ಲಿ ಯಾರೂ ಅಷ್ಟು ದೊಡ್ಡದು ಮಾಡುವುದಿಲ್ಲ. ಬದಿ ಸುಮಾರು 16 ಇಂಚಿನ ಪ್ಲಾಸ್ಟಿಕ್ ಬೋನೇ ಹೆಚ್ಚು ಬಳಕೆಯಲ್ಲಿದೆ.

ತಳಕ್ಕೆ ಕಾಂಕ್ರೀಟ್ ಸುರಿಯಬೇಕು. ಕಲ್ಲೇಡಿ ಬೋನಿನ ಬಾಯಿ ಇರುವುದು ಮೇಲ್ಮುಚ್ಚಳದಲ್ಲಿ. ಏಡಿ ಪಕ್ಕದ ಗೋಡೆ ಹತ್ತಿ ಮೇಲಿನಿಂದ ಒಳಗೆ ಬೀಳಬೇಕು. ಬೋನು ಮಗುಚಿ ಮಲಗಿತೋ, ಬಾಯಿ ಪಕ್ಕಕ್ಕೆ ತಿರುಗಿ ಬಂದ ಏಡಿ ನಡೆದುಕೊಂಡೇ ಹೊರಟುಹೋಗುತ್ತದೆ. ಕಾಂಕ್ರೀಟ್ ತೆಳುವಾದರೆ ಅಲೆಯ ಹೊಡೆತಕ್ಕೆ ಬೋನು ಸರಿದಾಡುತ್ತದೆ, ಒಂದು ಬದಿಗೆ ಹೆಚ್ಚಾಗಿ ಸುರಿದರೆ ಇಳಿಯುವಾಗಲೇ ಓರೆಯಾಗುತ್ತದೆ. ಆದ್ದರಿಂದ ಸಮತಟ್ಟಾದ ಹಲಗೆಯ ಮೇಲಿಟ್ಟು ಸುರಿದು, ಪೂರ್ತಿ ಗಟ್ಟಿಯಾದ ಮೇಲೆಯೇ ಒಂದರ ಮೇಲೊಂದು ಪೇರಿಸಿ.

ಬಾಯಿಯ ಅಳತೆ 5 1/2 ಇಂಚು ಉದ್ದ, 3 1/2 ಇಂಚು ಅಗಲ ಮೀರಬಾರದು. ದಕ್ಷಿಣದ ಕಾಲಿಯರ್, ಮನ್ರೋ, ಮಯಾಮಿ-ಡೇಡ್ ಜಿಲ್ಲೆಗಳಲ್ಲಿ ನಿಯಮ ಇನ್ನೂ ಬಿಗಿ. ಅಲ್ಲಿ ಕೆಲಸ ಮಾಡುವವರು ಬೇರೆ ಜಿಲ್ಲೆಯಿಂದ ಹಳೆಯ ಬೋನು ಕೊಳ್ಳುವ ಮುನ್ನ ಬಾಯಿಗೆ ಟೇಪು ಹಿಡಿದು ನೋಡುವುದು ಲೇಸು.

ಪ್ಲಾಸ್ಟಿಕ್ ಮತ್ತು ಮರದ ಬೋನಿಗೆ 2023–24ರ ಋತುವಿನಿಂದ ಪಾರುಬಳೆ ಕಡ್ಡಾಯ. ಪಕ್ಕದ ಗೋಡೆಯಲ್ಲಿ 2 3/16 ಇಂಚು, ಅಂದರೆ ಸುಮಾರು 56 ಮಿಲಿಮೀಟರ್ ವ್ಯಾಸದ ದುಂಡಗಿನ ತೂತು. ಕೊಂಬು ಬಲಿಯದ ಸಣ್ಣ ಏಡಿ ಎರೆ ತಿಂದು ಈ ದಾರಿಯಿಂದ ಹೊರಬೀಳುತ್ತದೆ. ಇದರಿಂದ ಹಿಡಿಯುವವರಿಗೂ ಲಾಭವಿದೆ: ಎತ್ತಿದಾಗ ಆರಿಸಿ ಎಸೆಯುವ ಕೆಲಸ ಕಡಿಮೆ, ಒಳಗೆ ದೊಡ್ಡದು ಸಣ್ಣದನ್ನು ಮುರಿದುಹಾಕುವುದೂ ಕಡಿಮೆ. ಬಳೆಗೆ ಏನೂ ಅಡ್ಡ ಇರಬಾರದು ಎಂಬುದೂ ನಿಯಮದಲ್ಲಿದೆ. ಬೆಚ್ಚಗಿನ ನೀರಿನಲ್ಲಿ ಬಳೆಯ ಅಂಚಿಗೆ ಕಡಲಚಿಪ್ಪುಗಳು ಬೇಗ ಕಚ್ಚಿಕೊಂಡು ತೂತು ಕಿರಿದಾಗುತ್ತದೆ. ಪ್ರತಿ ಸಲ ಬೋನು ಎತ್ತಿದಾಗ ಚಾಕುವಿನ ಬೆನ್ನಿನಿಂದ ಒಂದು ಸುತ್ತು ಕೆರೆದರೆ ಸಾಕು.

ಇನ್ನು ಕರಗುಪಟ್ಟಿ. ಹಗ್ಗ ಕಡಿದು ತಳದಲ್ಲಿ ಉಳಿದ ಪ್ಲಾಸ್ಟಿಕ್ ಬೋನು ಯಾರೂ ಎತ್ತದಿದ್ದರೂ ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಒಳಗೆ ಸತ್ತ ಏಡಿಯೇ ಮುಂದಿನ ಏಡಿಗೆ ಎರೆ. ಈ ಸರಪಳಿ ಮುರಿಯಲು ಪ್ಲಾಸ್ಟಿಕ್ ಬೋನಿನಲ್ಲಿ ಸೈಪ್ರೆಸ್ ಅಥವಾ ಯಾವುದೇ ರಾಸಾಯನಿಕ ಹಾಕದ ಪೈನ್ ಮರದ ಪಟ್ಟಿ ಇರಬೇಕು, ದಪ್ಪ 3/4 ಇಂಚು ಮೀರಬಾರದು. ಪಟ್ಟಿ ಕೊಳೆತು ಬಿದ್ದಾಗ ಏಡಿ ಹೊರಹೋಗುವಷ್ಟು ದಾರಿ ತೆರೆದುಕೊಳ್ಳುತ್ತದೆ. ಹಲವರು ಎಡವುವುದು ಇಲ್ಲೇ. ಪಟ್ಟಿ ಬಾಳಿಕೆ ಬರಲೆಂದು ಬಣ್ಣ, ಎಣ್ಣೆ ಬಳಿಯುತ್ತಾರೆ. ಕೊಳೆಯುವುದೇ ಆ ಪಟ್ಟಿಯ ಕೆಲಸ. ಬಾಳಿಕೆ ಬಂದರೆ ಅದು ಕೆಟ್ಟಂತೆ.

ಗುರುತು

ಪ್ರತಿ ಬೋನಿಗೆ ಆ ವರ್ಷದ ಟ್ಯಾಗ್ ಬಿಗಿಯಾಗಿ ಕಟ್ಟಿರಬೇಕು. ತೇಲುಗುಂಡು ಕನಿಷ್ಠ 6 ಇಂಚಿನದಾಗಿರಲಿ. ಅದರ ಮೇಲೆ ಎಕ್ಸ್ ಸಂಖ್ಯೆ 2 ಇಂಚಿಗೆ ಕಡಿಮೆಯಿಲ್ಲದ ಎತ್ತರದಲ್ಲಿ, ಅಳಿಸದಂತೆ ಇರಬೇಕು. ದೋಣಿಯ ಮೇಲೂ ಅದೇ ಸಂಖ್ಯೆ, ಅದೇ ತೇಲುಗುಂಡಿನ ಬಣ್ಣ, ಆಕಾಶದಿಂದಲೂ ನೀರಿನಿಂದಲೂ ಓದಲು ಬರುವಂತೆ. ಯಾರ ದೋಣಿ ಯಾರ ಬೋನು ಎತ್ತುತ್ತಿದೆ ಎಂಬುದು ಗಸ್ತಿನವರಿಗೆ ಒಂದೇ ನೋಟಕ್ಕೆ ಗೊತ್ತಾಗಲೆಂದು ಈ ಏರ್ಪಾಡು. ಬೇರೆಯವರ ಬೋನಿಗೆ ಕೈ ಹಾಕುವುದು ಅಲ್ಲಿ ಗಂಭೀರ ಅಪರಾಧ. 5,000 ಡಾಲರ್ ತನಕ ದಂಡ, ಜೈಲು, ಜೊತೆಗೆ ಪರವಾನಗಿಯೂ ಶಾಶ್ವತವಾಗಿ ಹೋಗಬಹುದು.

ಎರೆ ಹಾಕಿ ಇಳಿಸುವುದು

ಹಂದಿಯ ಕಾಲು ಮತ್ತು ಮೀನಿನ ತಲೆ ಅಲ್ಲಿನ ರೂಢಿಯ ಎರೆ. ಮೀನಿನ ತಲೆ ಬೇಗ ವಾಸನೆ ಬಿಟ್ಟು ಏಡಿಯನ್ನು ಕರೆಯುತ್ತದೆ, ಆದರೆ ಸಣ್ಣ ಮೀನುಗಳು ಕಿತ್ತು ಮುಗಿಸಿಬಿಡುತ್ತವೆ. ಹಂದಿ ಕಾಲಿನ ತೊಗಲು ಗಟ್ಟಿ, ಹೆಚ್ಚು ದಿನ ತಡೆಯುತ್ತದೆ. ಬೋನನ್ನು ಸಾಮಾನ್ಯವಾಗಿ 10ರಿಂದ 14 ದಿನ ನೀರಿನಲ್ಲಿ ಬಿಡುವುದರಿಂದ ತಡೆಯುವ ಎರೆಯೇ ಮುಖ್ಯ.

ಒಂದೇ ಆಳದ ಗುಂಟ ಸಾಲಾಗಿ ಇಳಿಸುತ್ತ ಹೋಗಿ, ಸಾಲಿನ ಎರಡೂ ತುದಿಯನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ. ಹಡಗು ಸಾಗುವ, ಗುರುತು ನೆಟ್ಟ ಕಾಲುವೆಗಳಲ್ಲಿ ಬೋನು ಹಾಕುವಂತಿಲ್ಲ. ಹಗ್ಗ ಆಳಕ್ಕಿಂತ ತುಸು ಉದ್ದ ಇರಲಿ. ಗಿಡ್ಡವಾದರೆ ಭರತದ ಸೆಳೆತಕ್ಕೆ ತೇಲುಗುಂಡು ಮುಳುಗಿ ಕಾಣದೆ ಹೋಗುತ್ತದೆ. ತೀರಾ ಉದ್ದವಾದರೆ ಸಡಿಲ ಹಗ್ಗ ಮೇಲೆ ತೇಲಿ ದೋಣಿಗಳ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಹೀಗೆ ಹಗ್ಗ ಕಡಿಯುವುದೂ ಬಿರುಗಾಳಿಯಂತೆ ಬೋನು ಕಳೆದುಹೋಗಲು ಒಂದು ಕಾರಣ.

ಎತ್ತುವುದು, ಅಳೆಯುವುದು, ಮುರಿಯುವುದು

ಹಗಲಿನಲ್ಲಿ ಮಾತ್ರ ಬೋನು ಎತ್ತಬೇಕು. ಏಡಿಯನ್ನು ಚುಚ್ಚುವ, ಜಜ್ಜುವ ಯಾವ ಸಾಧನವನ್ನೂ ಬಳಸುವಂತಿಲ್ಲ. ಕೊಂಬು ಮುರಿಯುವ ತನಕ ಏಡಿಯನ್ನು ನೆರಳಿನಲ್ಲಿ, ಕಡಲ ನೀರು ಚಿಮುಕಿಸಿ ತೇವವಾಗಿ ಇಡಬೇಕು. ಬಿಸಿಲಿಗೆ ಕಿವಿರು ಒಣಗಿದ ಏಡಿ ನೀರಿಗೆ ಬಿಟ್ಟರೂ ಬದುಕುವುದು ಕಷ್ಟ.

ಮೊದಲು ಏಡಿಯನ್ನು ಮಗುಚಿ ಹೊಟ್ಟೆ ನೋಡಿ. ಹೊಟ್ಟೆಯ ಮಡಿಕೆಯ ಕೆಳಗೆ ಸ್ಪಂಜಿನಂತೆ ಮೊಟ್ಟೆ ಅಂಟಿದ್ದರೆ ಕೊಂಬು ಎಷ್ಟೇ ದೊಡ್ಡದಿರಲಿ, ಮುಟ್ಟದೆ ನೀರಿಗೆ ಬಿಡಿ.

ಮೊಟ್ಟೆ ಇಲ್ಲದಿದ್ದರೆ ಅಳತೆ. ಕೊಂಬಿನ ಮೊಣಕೈಯಿಂದ ಕೆಳಗಿನ, ಅಲುಗಾಡದ ಬೆರಳಿನ ತುದಿಯ ತನಕ ನೇರ ಗೆರೆಯಲ್ಲಿ 2 7/8 ಇಂಚು, ಅಂದರೆ 73 ಮಿಲಿಮೀಟರ್ ಇರಲೇಬೇಕು. 2020ರ ತನಕ ಇದು 2 3/4 ಇಂಚು ಇತ್ತು. 3 ಮಿಲಿಮೀಟರ್ ಅಷ್ಟೇ ಹೆಚ್ಚಳ ಎನಿಸಬಹುದು. ಆದರೆ ಆ 3 ಮಿಲಿಮೀಟರ್ ಬೆಳೆಯುವಷ್ಟರಲ್ಲಿ ಏಡಿಗೆ ಸಂತಾನಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ. ಮೇಲಿನ ಆಡುವ ಬೆರಳಿಗೆ ಅಳತೆಪಟ್ಟಿ ಹಿಡಿಯುವುದು ಹೊಸಬರ ಸಾಮಾನ್ಯ ತಪ್ಪು. ಅಳತೆ ಯಾವಾಗಲೂ ಮುರಿಯುವ ಮೊದಲು. ಮುರಿದ ಮೇಲೆ ಗಿಡ್ಡ ಎಂದು ಗೊತ್ತಾದರೆ ಏಡಿಗೂ ನಷ್ಟ, ಕೈಗೆ ಬಂದ ಕೊಂಬೂ ನಿಮ್ಮದಲ್ಲ.

ಈಗ ಮುರಿಯುವುದು. ಏಡಿಯನ್ನು ಹಿಂದಿನಿಂದ ಹಿಡಿದು, ಒಂದೊಂದು ಕೈಯಲ್ಲಿ ಒಂದೊಂದು ಕೊಂಬನ್ನು ಗಟ್ಟಿಯಾಗಿ ಹಿಡಿಯಬೇಕು. ತೆಗೆಯಬೇಕಾದ ಕೊಂಬನ್ನು ಪೂರ್ತಿ ಚಾಚಿ, ಒಂದೇ ಚುರುಕಾದ ಎಳೆತಕ್ಕೆ ಕೆಳಮುಖವಾಗಿ ಬಗ್ಗಿಸಬೇಕು. ಮೈಗೆ ಸೇರುವ ಕೀಲಿನ ಹತ್ತಿರ ಏಡಿಗೆ ಹುಟ್ಟಿನಿಂದಲೇ ಒಂದು ಬಿರುಕಿನ ಗೆರೆ ಇರುತ್ತದೆ. ಅಲ್ಲಿ ಮುರಿದರೆ ಒಳಗಿನ ತೆಳು ಪೊರೆ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಮುರಿದ ಕೊಂಬಿನ ಬುಡ ನೋಡಿ: ಅಂಚು ನುಣುಪಾಗಿದ್ದರೆ ಸರಿಯಾಗಿ ಬಂದಿದೆ. ಬಿಳಿ ಮಾಂಸದ ಎಳೆ ಜೋತಾಡುತ್ತಿದ್ದರೆ ಏಡಿಯ ಮೈಯಿಂದಲೇ ಹರಿದು ಬಂದಿದೆ, ಆ ಏಡಿ ರಕ್ತ ಸೋರಿ ಸಾಯುತ್ತದೆ. ತಿರುಚುವುದು, ಜಗ್ಗಾಡುವುದು, ಅರ್ಧ ಬಗ್ಗಿಸಿ ನಿಲ್ಲಿಸುವುದು ಇವೇ ಹರಿಯಲು ಕಾರಣ. ನೂರಾರು ಬೋನು ಎತ್ತುವ ದಿನ ಸಂಜೆಯ ಹೊತ್ತಿಗೆ ಕೈ ಸೋತಿರುತ್ತದೆ. ಆಗ ಕೈ ಬದಲಿಸಿಕೊಳ್ಳುವುದು ಏಡಿಗೂ, ಮುಂದಿನ ವರ್ಷದ ದುಡಿಮೆಗೂ ಒಳಿತು.

ಎರಡೂ ಕೊಂಬು ಅಳತೆಗೆ ಬಂದರೆ ಎರಡನ್ನೂ ತೆಗೆಯಲು ಕಾನೂನು ಬಿಡುತ್ತದೆ. ಆದರೂ ಒಂದನ್ನು ಉಳಿಸುವುದೇ ಸರಿ. ಸಿಂಪಿ, ಚಿಪ್ಪುಮೀನು ಒಡೆಯಲು, ವೈರಿಯನ್ನು ಅಟ್ಟಲು ಆ ಏಡಿಗೆ ಇರುವ ಆಯುಧ ಅದೊಂದೇ. ಹೊಸದಾಗಿ ಬೆಳೆದ ಕೊಂಬನ್ನು ಗುರುತಿಸುವ ಬಗೆಯೂ ಇದೆ. ಕೊಂಬಿನ ಒಳಬದಿಯಲ್ಲಿ ಹೆಬ್ಬೆಟ್ಟಿನ ಗುರುತಿನಂತೆ ಸಣ್ಣ ಗೆರೆಗಳು ಸಾಲಾಗಿರುತ್ತವೆ. ಮೊದಲ ಕೊಂಬಿನಲ್ಲಿ ಗೆರೆ ಅಖಂಡ, ಮರುಬೆಳೆದದ್ದರಲ್ಲಿ ಚುಕ್ಕಿಚುಕ್ಕಿಯಾಗಿ ತುಂಡಾಗಿರುತ್ತದೆ. ತುಂಡು ಗೆರೆಯ ದೊಡ್ಡ ಕೊಂಬು ಕೈಗೆ ಬಂದರೆ, ಹಿಂದೊಮ್ಮೆ ಯಾರೋ ನೆಟ್ಟಗೆ ಮುರಿದು ಬಿಟ್ಟಿದ್ದರು ಎಂದೇ ತಿಳಿಯಬಹುದು.

ದಡದಲ್ಲಿ

ಹಸಿ ಕೊಂಬನ್ನು ಐಸಿನಲ್ಲಿ ಹೂಳಬಾರದು, ಮಾಂಸ ಚಿಪ್ಪಿಗೆ ಅಂಟಿಕೊಂಡು ಬಿಡಿಸಲು ಬಾರದು. ದಡ ಮುಟ್ಟಿದ ಕೂಡಲೇ ಕುದಿಸಿ, ಆಮೇಲೆ ತಣ್ಣಗೆ ಮಾಡುತ್ತಾರೆ. ಸುಮಾರು 8 ನಿಮಿಷದ ಕುದಿತ ಸಾಮಾನ್ಯ. ನೀರಿನಲ್ಲಿ ತೇಲುವ ಕೊಂಬಿನಲ್ಲಿ ಮಾಂಸ ತುಂಬಿರುವುದಿಲ್ಲ, ಅದನ್ನು ಬೇರೆ ಮಾಡುತ್ತಾರೆ. ಪರವಾನಗಿಯುಳ್ಳ ಸಗಟು ಖರೀದಿದಾರರಿಗೇ ಮಾರಬೇಕು. ಪ್ರತಿ ಮಾರಾಟಕ್ಕೂ ಟ್ರಿಪ್ ಟಿಕೆಟ್ ಬರೆಯುತ್ತಾರೆ. ಎಷ್ಟು ತೂಕ, ಯಾವ ಪ್ರದೇಶ, ಎಷ್ಟು ಬೋನು ಎಂಬ ವಿವರ ಸರ್ಕಾರದ ಲೆಕ್ಕಕ್ಕೆ ಸೇರುವುದು ಹೀಗೆ.

ಬೋನು ಖಾಲಿ ಬಂದಾಗ

ಎರೆ ಮುಗಿದಿದ್ದು, ಒಳಗೆ ಒಡೆದ ಚಿಪ್ಪು ಮಾತ್ರ ಇದ್ದರೆ ಅದು ಆಕ್ಟೋಪಸ್‌ನ ಕೆಲಸ. ಬಾಯಿಯಿಂದ ನುಸುಳಿ ಏಡಿಯನ್ನು ತಿಂದು ಹೋಗುತ್ತದೆ. ಒಂದೇ ಸಾಲಿನ ಹಲವು ಬೋನುಗಳಲ್ಲಿ ಹೀಗಾದರೆ ಆ ಸಾಲನ್ನು ಬೇರೆಡೆಗೆ ಸರಿಸುವುದೊಂದೇ ದಾರಿ. ಏಡಿಗಳು ಒಳಗೇ ಸತ್ತು ನಾರುತ್ತಿದ್ದರೆ ಕೆಂಪು ಪಾಚಿಯ ಹಾವಳಿಯನ್ನು ಅನುಮಾನಿಸಿ. ನೀರಿನಲ್ಲಿ ಪ್ರಾಣವಾಯು ಇಳಿದಾಗ ಹೊರಗಿರುವ ಏಡಿ ನಡೆದು ಪಾರಾಗುತ್ತದೆ, ಬೋನಿನೊಳಗಿನದಕ್ಕೆ ಆ ದಾರಿ ಇಲ್ಲ. 2018ರಲ್ಲಿ ನೈಋತ್ಯ ಫ್ಲಾರಿಡಾ ಇದರ ಕಹಿಯುಂಡಿತು. ಪಾಚಿಯ ಮುನ್ನೆಚ್ಚರಿಕೆ ಬಂದ ಕಡೆ ಬೋನು ಇಳಿಸದಿರುವುದೇ ಜಾಣತನ.

ಚಂಡಮಾರುತದ ಕಾಲವೂ ಋತುವಿನ ಆರಂಭವೂ ಒಂದಕ್ಕೊಂದು ತಾಗುತ್ತವೆ. 2024ರಲ್ಲಿ ಮಿಲ್ಟನ್ ಚಂಡಮಾರುತ ಸಿಯೆಸ್ಟಾ ಕೀ ಬಳಿ ನೆಲಕ್ಕೆ ಬಡಿದದ್ದು ಅಕ್ಟೋಬರ್ 9ರ ರಾತ್ರಿ, ಬೋನು ಇಳಿಸಲು ಅನುಮತಿ ಸಿಕ್ಕ ಐದನೆಯ ದಿನ. ಅಕ್ಟೋಬರ್ 5ಕ್ಕೇ ಎಲ್ಲ ಬೋನು ಇಳಿಸಲು ಅವಸರ ಪಡದೆ, ಹವಾಮಾನ ನೋಡಿಕೊಂಡು ಹಂತಹಂತವಾಗಿ ಇಳಿಸಿದರೆ ಒಂದೇ ಬಿರುಗಾಳಿಗೆ ಇಡೀ ಬಂಡವಾಳ ಕೊಚ್ಚಿಹೋಗುವುದಿಲ್ಲ.

ಋತು ಮುಗಿದ 5 ದಿನದೊಳಗೆ ಎಲ್ಲ ಬೋನೂ ನೀರಿನಿಂದ ಹೊರಗೆ ಬರಬೇಕು. ಕೊನೆಯ ಎತ್ತುವಿಕೆಯನ್ನು ಮೇ 1ಕ್ಕೇ ಇಟ್ಟುಕೊಂಡವರು ಎಂಜಿನ್ ಕೈಕೊಟ್ಟರೆ ಸಿಕ್ಕಿಬೀಳುತ್ತಾರೆ. ಏಪ್ರಿಲ್ ಕೊನೆಯ ವಾರದಿಂದಲೇ ದೂರದ ಸಾಲುಗಳನ್ನು ತರುತ್ತ ಬನ್ನಿ. ದಡಕ್ಕೆ ತಂದ ಬೋನನ್ನು ಕೆರೆದು ಬಿಸಿಲಿಗೆ ಒಣಗಿಸಿ, ಹಳೆಯ ಟ್ಯಾಗ್ ಕತ್ತರಿಸಿ ತೆಗೆಯಿರಿ. ಕರಗುಪಟ್ಟಿಗೆ ಉಗುರು ಊರಿ ನೋಡಿ, ಮೆತ್ತಗಾಗಿದ್ದರೆ ಅಕ್ಟೋಬರ್‌ಗೆ ಮುಂಚೆ ಹೊಸದು ಹೊಡೆಯಬೇಕು.