ಊರು ಬೇಡ, ಸ್ಟೇಷನ್ ಕೇಳಿ

ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸಬರನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೊಸ ಮುಖ ಕಂಡರೆ ಸಾಕು, ನಮ್ಮವರು "ಯಾವ ಊರು?" ಅಂತ ಶುರು ಮಾಡುತ್ತಾರೆ. ಊರು, ಆಮೇಲೆ ಅಡ್ಡಹೆಸರು, ಆಮೇಲೆ ಯಾರ ಪೈಕಿ. ಕೇಳುವವರಿಗೆ ಅದು ಪ್ರೀತಿ. ಜಾತಿಯ ಕಾಟ ಸಾಕಾಗಿ ಊರು ಬಿಟ್ಟವರಿಗೆ ಮಾತ್ರ ಈ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಚೆನ್ನಾಗಿ ಗೊತ್ತು. ಅಂಥವರು ಮತ್ತೆ ಬರುವುದಿಲ್ಲ.

ಹಾಗಾಗಿ ನಾನು ಸ್ಟೇಷನ್ ಕೇಳುತ್ತೇನೆ. ಡೊಂಬಿವಲಿ ಅಂದರೆ, ಡೊಂಬಿವಲಿಯ ಅಕ್ಕ ಒಬ್ಬರನ್ನು ಕರೆದು ಪಕ್ಕದಲ್ಲಿ ಕೂರಿಸುತ್ತೇನೆ. ವಾಪಸ್ ಹೋಗುವಾಗ ಇಬ್ಬರಿಗೂ ಒಂದೇ ಲೋಕಲ್. ಶನಿವಾರ ರಾತ್ರಿ ಫೋನ್ ಮಾಡಲು ಅಕ್ಕನಿಗೆ ನೆಪವೂ ಸಿಗುತ್ತದೆ: "ನಾಳೆ ಮೆಗಾ ಬ್ಲಾಕ್ ಇದೆಯಮ್ಮಾ, ಬೇಗ ಹೊರಡು." ಸೆಂಟ್ರಲ್, ಹಾರ್ಬರ್ ಲೈನಿನಲ್ಲಿ ರಿಪೇರಿಗೆ ರೈಲು ನಿಲ್ಲಿಸುವುದು ಹೆಚ್ಚಾಗಿ ಭಾನುವಾರವೇ ಅಲ್ವಾ. "ಹೋದ ವಾರ ಯಾಕೆ ಬರಲಿಲ್ಲ?" ಅನ್ನುವ ಫೋನಿಗಿಂತ ಇದು ಎಷ್ಟೋ ವಾಸಿ.

ತಡವಾಗಿ ಬರುವವರಿಗೆಂದು ಹಿಂದಿನ ಬೆಂಚು ಖಾಲಿ ಬಿಡುತ್ತೇವೆ. ಹಿರಿಯರನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಸಾಕುಬೇಕಾಯಿತು, ಅದು ಅವರ ಕಾಯಂ ಜಾಗ!

ಹಾಡಿನ ಪುಸ್ತಕವನ್ನು ಪುಟ ತೆರೆದೇ ಕೈಗೆ ಕೊಡುತ್ತೇವೆ. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಬೀದರ್ ಕಡೆಯ ಮೆಥಡಿಸ್ಟ್ ಪಂಥದವರು ಅದರಲ್ಲಿ ಸೇರಲಿಲ್ಲ. ಮಂಗಳೂರು ಕಡೆಯ ಪ್ರಾಟೆಸ್ಟೆಂಟರು ಹೆಚ್ಚಾಗಿ ಸಿಎಸ್‌ಐನವರು. ಹೀಗಾಗಿ ಬೀದರಿನವರು, ಮಂಗಳೂರಿನವರು ಒಂದೇ ಕಡೆ ಕೂತರೆ ಆರಾಧನೆಯ ಕ್ರಮದಲ್ಲಿ ಯಾರಾದರೊಬ್ಬರು ತಡವರಿಸುತ್ತಾರೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಪಾಸ್ಟರ್ ಪ್ರತಿ ಸಲ ಬಾಯಿಬಿಟ್ಟು ಹೇಳಿಬಿಡುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವರಿಗಾಗಿ ಪರದೆಯ ಮೇಲೆ ಹಾಡನ್ನು ದೇವನಾಗರಿಯಲ್ಲೂ ಹಾಕುತ್ತೇವೆ. ಕೆಲವರು ಗೊಣಗಿದರು. ಗೊಣಗಲಿ, ಈಗ ಜೋರಾಗಿ ಹಾಡುವುದು ಅವರ ಮೊಮ್ಮಕ್ಕಳೇ.

ಪ್ರಾರ್ಥನೆಗೆಂದು ಬೇರೆ ಧರ್ಮದವರೂ ಬರುತ್ತಾರೆ. ಮಗುವಿಗೆ ಹುಷಾರಿಲ್ಲ, ಗಂಡನಿಗೆ ಕೆಲಸವಿಲ್ಲ. ಅವರ ಹತ್ತಿರ ದೀಕ್ಷಾಸ್ನಾನದ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರದ) ಮಾತನ್ನು ನಾವಾಗಿ ಎತ್ತುವುದಿಲ್ಲ. ಕಷ್ಟದಲ್ಲಿ ಬಂದವರ ಮುಂದೆ ಲೆಕ್ಕ ತೆಗೆದ ಹಾಗಾಗುತ್ತದೆ.

"ಹೊಸಬರು ಎದ್ದು ನಿಂತು ಪರಿಚಯ ಹೇಳಿ" ಅನ್ನುವುದನ್ನೂ ಬಿಟ್ಟೆವು. ಸುಮ್ನೆ ಮುಜುಗರ. ಎರಡು ಮೂರು ಸಲ ಬಂದವರ ಕೈಗೆ ಚಹಾದ ಕೆಟಲ್ ಕೊಟ್ಟು, "ಸ್ವಲ್ಪ ಎಲ್ಲರಿಗೂ ಹಾಕ್ತೀರಾ?" ಅನ್ನುತ್ತೇನೆ. ಲೋಟ ಚಾಚಿದವರೇ ಹೆಸರು ಕೇಳುತ್ತಾರೆ. ಸಕ್ಕರೆ ಜಾಸ್ತಿ ಅಂತ ಬೈಯುವವರೂ ಇದ್ದಾರೆ. ಕಾಣಿಕೆ ಎಣಿಸುವ ಕೆಲಸ ಮಾತ್ರ ಅಷ್ಟು ಬೇಗ ಯಾರಿಗೂ ಸಿಗುವುದಿಲ್ಲ, ಅದಕ್ಕೆ ಕಮಿಟಿ ಇದೆ.