ಹ್ಯಾರಿಯೆಟ್ ಟಬ್‌ಮನ್ ಬದುಕನ್ನು ತರಗತಿಯಲ್ಲಿ ಹೇಳುವ ಬಗೆ

ಹ್ಯಾರಿಯೆಟ್ ಟಬ್‌ಮನ್ ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿ, ತಾವೂ ಪಾರಾಗಿ, ಇತರ ಗುಲಾಮರನ್ನೂ ಬಿಡಿಸಿದವರು. ನನ್ನ ಎಂಟನೆಯ ತರಗತಿಯಲ್ಲಿ ಈ ಪಾಠವನ್ನು ನಾನು ಅವರ ಹುಟ್ಟಿದ ವರ್ಷದಿಂದ ಶುರು ಮಾಡುವುದಿಲ್ಲ. ನೀವೂ ಮೇರಿಲ್ಯಾಂಡಿನ ಬಕ್‌ಟೌನ್‌ನ ಅಂಗಡಿಯಿಂದ ಆರಂಭಿಸಿ. ತಪ್ಪಿಸಿಕೊಳ್ಳುತ್ತಿದ್ದ ಗುಲಾಮನೊಬ್ಬನತ್ತ ಮೇಲ್ವಿಚಾರಕ ಎಸೆದ ತೂಕದ ಬಟ್ಟು ಗುರಿತಪ್ಪಿ ಆಗಿನ್ನೂ ಹುಡುಗಿಯಾಗಿದ್ದ ಹ್ಯಾರಿಯೆಟ್ ತಲೆಗೆ ಬಡಿಯಿತು. ಅದರ ತೂಕ ಎರಡು ಪೌಂಡ್. ದಿನಸಿ ಅಂಗಡಿಯಿಂದ ಒಂದು ಕಿಲೋ ಬಟ್ಟು ಕೇಳಿ ತಂದು ಮಕ್ಕಳ ಕೈಗೆ ಕೊಡಿ. ಹೆಚ್ಚುಕಡಿಮೆ ಅಷ್ಟೇ ಭಾರ. ಆ ಪೆಟ್ಟಿನಿಂದಾಗಿ ಜೀವನವಿಡೀ ಅವರಿಗೆ ಇದ್ದಕ್ಕಿದ್ದಂತೆ ನಿದ್ದೆ ಆವರಿಸುತ್ತಿತ್ತು. ಅಂಥ ಸ್ಥಿತಿಯಲ್ಲೇ ಕತ್ತಲೆಯಲ್ಲಿ ಜನರನ್ನು ನಡೆಸಿದರು ಎಂಬುದನ್ನು ಮಾತ್ರ ಬಿಡಬೇಡಿ.

1849ರಲ್ಲಿ ಅವರು ಫಿಲಡೆಲ್ಫಿಯಾಕ್ಕೆ ಪಾರಾದದ್ದನ್ನು ಚುಟುಕಾಗಿ ಮುಗಿಸಿ. ಇತರರನ್ನು ಬಿಡಿಸಲು ಮತ್ತೆ ಮತ್ತೆ ಹಿಂದಿರುಗಿ ಬಂದರಲ್ಲ, ಪಾಠದ ಜೀವ ಇರುವುದು ಅಲ್ಲಿ. ಶನಿವಾರ ರಾತ್ರಿಯೇ ಏಕೆ ಹೊರಡುತ್ತಿದ್ದರು ಎಂದು ಮಕ್ಕಳನ್ನೇ ಕೇಳಿ, ಸ್ವಲ್ಪ ಕಾಯಿರಿ. ಓಡಿಹೋದವರ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಬರಲು ಸೋಮವಾರವಾಗಬೇಕಿತ್ತು. ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ 1850ರ ಕಾಯಿದೆಯ ನಂತರ ಉತ್ತರದ ರಾಜ್ಯಗಳಲ್ಲೂ ಹಿಡಿಯುವ ಭಯವಿದ್ದುದರಿಂದ ಕೆನಡಾದ ಸೇಂಟ್ ಕ್ಯಾಥರೀನ್ಸ್‌ವರೆಗೆ ಕರೆದೊಯ್ದರು. ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ.

ಮುನ್ನೂರು ಜನರನ್ನು ಬಿಡಿಸಿದರು ಎಂಬ ಹಳೆಯ ಲೆಕ್ಕವನ್ನು ಹೇಳಬೇಡಿ. ಸುಮಾರು 13 ಪ್ರಯಾಣ, ಸುಮಾರು 70 ಜನ. ಅದೇನು ಸಣ್ಣ ಮಾತೇ? ಅಮೆರಿಕದ ಅಂತರ್ಯುದ್ಧದಲ್ಲಿ ಅವರು ದಾರಿ ತೋರಿದ 1863ರ ಕಾಂಬಾಹೀ ನದಿಯ ಸೇನಾ ದಾಳಿಯಲ್ಲಿ ಬಿಡುಗಡೆಯಾದ ಏಳುನೂರಕ್ಕೂ ಹೆಚ್ಚು ಜನರನ್ನು ಬೇರೆಯಾಗಿ ಹೇಳಿ.

ಗಂಡನ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡಿ. 1851ರಲ್ಲಿ ಹ್ಯಾರಿಯೆಟ್ ಗಂಡನನ್ನು ಕರೆದೊಯ್ಯಲು ಬಂದಾಗ ಅವನು ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದ. ಬಂದ ದಾರಿಗೆ ಸುಂಕವಿಲ್ಲವೆಂದು ಅವರು ಬರಿಗೈಯಲ್ಲಿ ಮರಳಲಿಲ್ಲ. ಹೊರಡಲು ಸಿದ್ಧರಿದ್ದ ಬೇರೆಯವರನ್ನು ಕರೆದುಕೊಂಡು ಹೋದರು.